ತಣ್ಣೀರಿನ ಡೈವಿಂಗ್: 7 ಎಂಎಂ ವೆಟ್‌ಸೂಟ್ ತೊಡುವುದು ಹೇಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಹೋದರೆ ಮಾಂಟೆರೇ ಕೊಲ್ಲಿ. ಬೇ ಏರಿಯಾದಲ್ಲಿರುವ ಕನ್ನಡಿಗರು ಅಲ್ಲಿನ ಅಕ್ವೇರಿಯಂ ನೋಡಿರುತ್ತಾರೆ. ಅದರ ಗಾಜಿನ ಹಿಂದೆ ಕಾಣುವ ಕೆಲ್ಪ್ (ಮರದಂತೆ ಎತ್ತರ ಬೆಳೆಯುವ ಕಡಲಪಾಚಿ) ಕಾಡಿನಂಥದ್ದೇ ನಿಜವಾದ ಕಾಡು ಹತ್ತಿರದ ಸಮುದ್ರದಲ್ಲೂ ಇದೆ. ಸ್ಕೂಬಾ ಸರ್ಟಿಫಿಕೇಟ್ ಇದ್ದವರು ಸ್ಯಾನ್ ಕಾರ್ಲೋಸ್ ಬೀಚಿನಿಂದ ನಡೆದೇ ನೀರಿಗಿಳಿಯಬಹುದು. ತೊಡಕು ಒಂದೇ: ಚಳಿ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ನೀರು ಸುಮಾರು 28 ಡಿಗ್ರಿ ಇರುತ್ತದೆ, 3 ಮಿಲಿಮೀಟರಿನ ಸೂಟು ಸಾಕು. ಮಾಂಟೆರೇಯಲ್ಲಿ ವರ್ಷವಿಡೀ 10ರಿಂದ 15 ಡಿಗ್ರಿ. ವಸಂತದಲ್ಲಿ ಗಾಳಿ ಮೇಲಿನ ನೀರನ್ನು ದಡದಿಂದಾಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಹಾಗಾಗಿ ಚುರುಕು ಬಿಸಿಲಿದ್ದ ದಿನವೂ ನೀರು ಕೊರೆಯುತ್ತಿರುತ್ತದೆ.

ಇಲ್ಲಿ ಬೇಕಾಗುವುದು 7 ಎಂಎಂ (ಮಿಲಿಮೀಟರ್) ದಪ್ಪದ, ಮೈಗಂಟುವ ರಬ್ಬರಿನ ವೆಟ್‌ಸೂಟ್. ಮೊದಲ ಸಲ ತೊಡುವವರು ಅರ್ಧಕ್ಕೇ ಸುಸ್ತಾಗಿ, ಬೆವರಿ, ಡೈವೇ ಬೇಡ ಅಂದುಕೊಳ್ಳುವುದುಂಟು. ಅಷ್ಟೊಂದು ಒದ್ದಾಟ ಬೇಕಿಲ್ಲ. ಕ್ರಮ ಗೊತ್ತಿದ್ದರೆ ಸಾಕು.

ಸೂಟು ಬೆಚ್ಚಗಿಡುವುದು ಹೇಗೆ?

ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಅದನ್ನು ತಡೆಯುವುದು ನಿಯೋಪ್ರೀನ್ ರಬ್ಬರಿನೊಳಗೆ ಸಿಕ್ಕಿಬಿದ್ದ ಸಣ್ಣ ಸಣ್ಣ ಅನಿಲದ ಗುಳ್ಳೆಗಳು. ಮೈ ಒದ್ದೆಯಾದರೂ ಪರವಾಗಿಲ್ಲ, ಗುಳ್ಳೆಗಳೇ ಚಳಿ ತಡೆಯುತ್ತವೆ ಎಂದು 1951ರ ಹೊತ್ತಿಗೆ ಕಂಡುಕೊಂಡವರು ಬರ್ಕ್ಲಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಇಂದಿನ ವೆಟ್‌ಸೂಟ್ ಹುಟ್ಟಿದ್ದು ಹಾಗೆ.

ಸೂಟಿನೊಳಗೆ ಸ್ವಲ್ಪ ನೀರು ಬಂದೇ ಬರುತ್ತದೆ. ಅದು ನಿಂತಲ್ಲೇ ನಿಂತರೆ ಮೈಬಿಸಿಗೆ ಬೆಚ್ಚಗಾಗುತ್ತದೆ. ಓಡಾಡಿದರೆ, ಪ್ರತಿ ಸಲ ಹೊಸ ತಣ್ಣೀರು ಒಳಗೆ ಬಂದು ಮೈಯ ಬಿಸಿ ಹೊತ್ತುಕೊಂಡು ಹೋಗುತ್ತದೆ. ಮುಂದೆ ಹೇಳುವ ಎಲ್ಲವೂ ಆ ನೀರಿನ ಓಡಾಟ ನಿಲ್ಲಿಸುವುದಕ್ಕೇ.

ಅಳತೆ

ಬಾಡಿಗೆ ಸೂಟಾದರೂ ಅಂಗಡಿಯಲ್ಲೇ ತೊಟ್ಟು ನೋಡಿ. ಬೆನ್ನಿನ ಕೆಳಭಾಗ, ಕಂಕುಳು, ತೊಡೆಸಂದು, ಈ ಮೂರು ಕಡೆ ಪೊಳ್ಳು ಇರಬಾರದು. ಹಾಗೆಯೇ ದೀರ್ಘವಾಗಿ ಉಸಿರೆಳೆದುಕೊಳ್ಳಲು ಆಗಬೇಕು. ಕತ್ತಿನ ವಿಷಯದಲ್ಲಿ ರಾಜಿ ಬೇಡ. ಕಾಲರ್ ತೀರಾ ಬಿಗಿಯಾದರೆ ಕತ್ತಿನ ರಕ್ತನಾಳದ ಮೇಲೆ ಒತ್ತಡ ಬಿದ್ದು ತಲೆ ಸುತ್ತಬಹುದು. ದಡದಲ್ಲೇ ಹಾಗಾದರೆ ಬೇರೆ ಅಳತೆ ಕೇಳಿ. ತುಂಬಾ ಹಳೆಯ ಸೂಟಿನಲ್ಲಿ ಗುಳ್ಳೆಗಳು ಚಪ್ಪಟೆಯಾಗಿರುತ್ತವೆ. ಚಿವುಟಿ ನೋಡಿದಾಗ ತೆಳ್ಳಗೆ, ಜೀವವಿಲ್ಲದಂತೆ ಅನಿಸಿದರೆ ಅದನ್ನು ತೆಗೆದುಕೊಳ್ಳಬೇಡಿ.

ತೊಡುವ ಮುನ್ನ

ಸಿಲಿಂಡರ್, ರೆಗ್ಯುಲೇಟರ್ (ಬಾಯಿಗೆ ಗಾಳಿ ಕೊಡುವ ಉಪಕರಣ), ಬಿಸಿಡಿ (ಗಾಳಿ ತುಂಬಿ ತೇಲುವುದನ್ನು ಹತೋಟಿಯಲ್ಲಿಡುವ ಜಾಕೆಟ್) ಎಲ್ಲ ಜೋಡಿಸಿ, ಪರೀಕ್ಷೆ ಮುಗಿಸಿ, ಆಮೇಲೆ ಸೂಟಿಗೆ ಕೈ ಹಾಕಿ. ತೊಟ್ಟ ಮೇಲೆ ಬಿಸಿಲಲ್ಲಿ ನಿಂತು ಕೆಲಸ ಮಾಡಿದರೆ ಮೈ ಕಾದುಹೋಗುತ್ತದೆ. ನೀರು ಕುಡಿಯಿರಿ, ಶೌಚಾಲಯಕ್ಕೆ ಹೋಗಿ ಬನ್ನಿ. ಉಂಗುರ, ವಾಚು, ಸರ ತೆಗೆದಿಡಿ. ಉಗುರು ಕತ್ತರಿಸಿರಲಿ. ಒಳಗೆ ಮೈಗಂಟುವ ತೆಳು ಲೈಕ್ರಾ ಬಟ್ಟೆ ಇದ್ದರೆ ಸೂಟು ಸಲೀಸಾಗಿ ಜಾರುತ್ತದೆ. ವ್ಯಾಸಲೀನ್‌ನಂಥ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ಅದು ನಿಯೋಪ್ರೀನನ್ನು ಹಾಳು ಮಾಡುತ್ತದೆ. ತೀರಾ ಬೇಕಾದರೆ ನೀರು ಬೆರೆಸಿದ ಹೇರ್ ಕಂಡೀಶನರ್ ಸಾಕು.

ಕಾಲು: ಇಲ್ಲೇ ಸಮಯ ಕೊಡಿ

1. ಸೂಟನ್ನು ಸೊಂಟದವರೆಗೆ ಒಳಮಗ್ಗುಲು ಹೊರಗೆ ಬರುವಂತೆ ಮಡಚಿ. ಜಿಪ್ ಬೆನ್ನಿನ ಕಡೆ ಇರಬೇಕು. ಕುಳಿತುಕೊಂಡು ಶುರು ಮಾಡಿ.

2. ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಕಾಲು ತೂರಿಸಿ. ಸರಕ್ಕನೆ ಹೋಗುತ್ತದೆ. ಚೀಲವನ್ನು ಕೂಡಲೇ ಬ್ಯಾಗಿಗೆ ಹಾಕಿ. ಆ ದಡದಲ್ಲಿ ಗಾಳಿ ಜೋರು, ನೀರಿನಲ್ಲಿ ಸೀಲ್‌ಗಳೂ ಕಡಲ ನೀರುನಾಯಿಗಳೂ ಇವೆ. ಒಂದು ಚೀಲ ಹಾರಿಹೋದರೂ ಅವುಗಳಿಗೆ ಅಪಾಯ.

3. ಕಾಲಿನ ತುದಿ ಹರಡಿನ ಗಂಟು ದಾಟಿ ಸರಿಯಾಗಿ ಕೂತ ಮೇಲೆ ಮೀನಖಂಡ, ಮೊಣಕಾಲು, ತೊಡೆ, ಹೀಗೆ ಮೇಲಕ್ಕೆ ಬನ್ನಿ. ಉಗುರಿನಿಂದ ಹಿಡಿದೆಳೆದರೆ ರಬ್ಬರ್ ಸೀಳುತ್ತದೆ. ಬೆರಳ ತುದಿಯ ಮೆತ್ತನೆಯ ಭಾಗದಿಂದ ಅಗಲವಾಗಿ ಹಿಡಿದು, ಒಂದೊಂದೇ ಮಡಿಕೆಯನ್ನು ಮೇಲಕ್ಕೆ ಸರಿಸಿ. ಬಿಗಿ ಬಳೆ ತೊಡಿಸುವ ಬಳೆಗಾರ್ತಿ ಎಳೆದಾಡುವುದಿಲ್ಲ, ಅಲ್ವಾ? ಕೈ ಹಿಸುಕಿ, ಗೆಣ್ಣು ದಾಟುವವರೆಗೆ ಸ್ವಲ್ಪಸ್ವಲ್ಪವೇ ಸರಿಸುತ್ತಾಳೆ. ಇಲ್ಲಿಯೂ ಅದೇ ತಾಳ್ಮೆ ಬೇಕು.

4. ಎದ್ದು ನಿಂತು ತೊಡೆಸಂದಿನಲ್ಲಿ ಜಾಗ ಉಳಿದಿದೆಯಾ ನೋಡಿ. ಒಂದಿಂಚು ಉಳಿದಿದ್ದರೂ ಮತ್ತೆ ಮೊಣಕಾಲಿನಿಂದ ಮೇಲಕ್ಕೆ ತನ್ನಿ.

ಈ ನಾಲ್ಕನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆಮೇಲೆ ಭುಜ ಏರುವುದಿಲ್ಲ, ಜಿಪ್ ಹತ್ತುವುದಿಲ್ಲ, ಸೂಟು ಚಿಕ್ಕದಾಯಿತು ಎಂದು ದೂರುತ್ತಾರೆ. ಭುಜಕ್ಕೆ ಬೇಕಾದ ಬಟ್ಟೆ ಕೆಳಗೆ ಕಾಲಿನಲ್ಲಿ ಸುಕ್ಕುಗಟ್ಟಿ ಕೂತಿರುತ್ತದೆ. ಮೇಲೆ ಬಿಗಿಯಾದರೆ ಮೇಲೆ ಎಳೆಯಬೇಡಿ, ಕೆಳಗಿನಿಂದ ತನ್ನಿ.

ಬೂಟಿ (ಪಾದಕ್ಕೆ ಹಾಕುವ ನಿಯೋಪ್ರೀನ್ ಬೂಟು) ಹಾಕುವಾಗ ಸೂಟಿನ ಕಾಲನ್ನು ಸ್ವಲ್ಪ ಮಡಚಿ, ಬೂಟಿ ತೊಟ್ಟು, ಮತ್ತೆ ಅದರ ಮೇಲೆ ಇಳಿಬಿಡಿ. ಮರಳು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಗೆಳೆಯರು ಇನ್ನೂ ತಯಾರಾಗುತ್ತಿದ್ದರೆ ಸೊಂಟದವರೆಗೆ ಮಾತ್ರ ತೊಟ್ಟು ನೆರಳಲ್ಲಿ ಕಾಯಿರಿ.

ತೋಳು, ಜಿಪ್, ಹುಡ್

ತೋಳಿಗೂ ಅದೇ ಉಪಾಯ: ಕೈಗೆ ಚೀಲ, ಮಣಿಕಟ್ಟಿನಿಂದ ಶುರು, ಕಂಕುಳಲ್ಲಿ ಪೊಳ್ಳಿಲ್ಲದಂತೆ ಸರಿಸುವುದು. ಜಿಪ್ ಏರಿಸಲು ನಿಮ್ಮ ‘ಬಡ್ಡಿ’ಯನ್ನು, ಅಂದರೆ ಜೊತೆಗೆ ಡೈವ್ ಮಾಡುವ ಸಂಗಾತಿಯನ್ನು, ಕರೆಯಿರಿ. ನೀವು ಎರಡೂ ಭುಜಗಳನ್ನು ಹಿಂದಕ್ಕೆ ಒತ್ತಿ ನಿಲ್ಲಿ. ಅವರು ಒಂದು ಕೈಯಲ್ಲಿ ಜಿಪ್ಪಿನ ಬುಡ ಹಿಡಿದು, ಇನ್ನೊಂದು ಕೈಯಲ್ಲಿ ನೇರ ಮೇಲಕ್ಕೆ ಎಳೆಯಲಿ. ಕೂದಲು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಹುಡ್ (ತಲೆ, ಕಿವಿ ಮುಚ್ಚುವ ನಿಯೋಪ್ರೀನ್ ಟೋಪಿ) ಉದ್ದ ಕತ್ತಿನದಾದರೆ ಜಿಪ್ ಮುಚ್ಚುವ ಮೊದಲೇ ಅದರ ಅಂಚನ್ನು ಕಾಲರ್ ಒಳಗೆ ಸೇರಿಸಬೇಕು. ಇಲ್ಲದಿದ್ದರೆ ಪ್ರತಿ ಸಲ ತಲೆ ತಿರುಗಿಸಿದಾಗಲೂ ಬೆನ್ನಿಗೆ ತಣ್ಣೀರು ಇಳಿಯುತ್ತದೆ. ಮಾಸ್ಕಿನ ಅಂಚು ಚರ್ಮದ ಮೇಲೆ ಕೂರಬೇಕು, ಹುಡ್ ಮೇಲಲ್ಲ. ನೀರಿಗಿಳಿದ ತಕ್ಷಣ ಕಿವಿಯ ಹತ್ತಿರ ಹುಡ್ಡನ್ನು ಒಂದು ಕ್ಷಣ ಎತ್ತಿ ನೀರು ಒಳಗೆ ಬಿಡಿ. ಹುಡ್ ಕಿವಿಯನ್ನು ಬಿಗಿಯಾಗಿ ಮುಚ್ಚಿಕೊಂಡರೆ ಆಳಕ್ಕೆ ಹೋದಂತೆ ಕಿವಿ ನೋಯುತ್ತದೆ. ಮೂಗು ಹಿಡಿದು ಊದಿದರೂ ಆ ನೋವು ಹೋಗುವುದಿಲ್ಲ.

ಗ್ಲೌಸ್ ಕೊನೆಗೆ. ಹಾಕಿಕೊಂಡ ಮೇಲೆ ವೆಯ್ಟ್ (ಮುಳುಗಲು ಕಟ್ಟಿಕೊಳ್ಳುವ ತೂಕ) ಬಿಡುಗಡೆಯ ಕೊಂಡಿ, ಬಿಸಿಡಿಯ ಗುಂಡಿಗಳು ಕೈಗೆ ಸಿಗುತ್ತವೆಯೇ ಎಂದು ದಡದಲ್ಲೇ ಪರೀಕ್ಷಿಸಿ. ದಪ್ಪ ಬೆರಳಲ್ಲಿ ಎಲ್ಲವೂ ಬೇರೆ ಥರ ಅನಿಸುತ್ತದೆ.

ತೂಕದ ಲೆಕ್ಕ

7 ಎಂಎಂ ಸೂಟು ನಿಮ್ಮನ್ನು ಜೋರಾಗಿ ತೇಲಿಸುತ್ತದೆ. ನೇತ್ರಾಣಿಯಲ್ಲಿ ಕಟ್ಟಿಕೊಂಡ ತೂಕ ಇಲ್ಲಿ ಸಾಲದು. ಅಂದಾಜಿನ ಮೇಲೆ ಹೋಗದೆ, ಎದೆಮಟ್ಟಕ್ಕಿಂತ ಆಳವಿರುವಲ್ಲಿ ಪರೀಕ್ಷೆ ಮಾಡಿ. ಬಿಸಿಡಿಯ ಗಾಳಿ ಪೂರ್ತಿ ಬಿಟ್ಟು, ಮಾಮೂಲಿ ಉಸಿರು ಹಿಡಿದು ಅಲುಗಾಡದೆ ಇರಿ. ನೀರು ಕಣ್ಣಿನ ಮಟ್ಟಕ್ಕೆ ಬಂದು ನಿಂತರೆ, ಉಸಿರು ಬಿಟ್ಟಾಗ ನೀವು ಮುಳುಗಿದರೆ, ತೂಕ ಸರಿ. ತುಂಬಿದ ಸಿಲಿಂಡರ್ ಇಟ್ಟುಕೊಂಡು ಪರೀಕ್ಷಿಸಿದ್ದರೆ ಇನ್ನೂ 2 ಕಿಲೊ ಸೇರಿಸಿ. ಡೈವ್ ಮುಗಿಯುವಷ್ಟರಲ್ಲಿ ಖರ್ಚಾದ ಗಾಳಿಯ ತೂಕ ಸುಮಾರು ಅಷ್ಟಿರುತ್ತದೆ.

ಆಳದಲ್ಲಿ ಏನಾಗುತ್ತದೆ ಎಂಬುದೂ ಗೊತ್ತಿರಲಿ. 10 ಮೀಟರಿನಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ. ಗುಳ್ಳೆಗಳು ಕುಗ್ಗಿ ಸೂಟು ತೆಳ್ಳಗಾಗುತ್ತದೆ. ಚಳಿ ಜಾಸ್ತಿಯಾಗುತ್ತದೆ, ತೇಲುವ ಶಕ್ತಿ ಇಳಿಯುತ್ತದೆ. ಬಿಸಿಡಿಗೆ ಸ್ವಲ್ಪಸ್ವಲ್ಪವೇ ಗಾಳಿ ಸೇರಿಸಿ. ಮೇಲೆ ಬರುವಾಗ ಸೂಟೂ ಬಿಸಿಡಿಯೂ ಒಟ್ಟಿಗೆ ಉಬ್ಬುತ್ತವೆ. ಆ ಗಾಳಿಯನ್ನು ಬಿಡುತ್ತಾ ನಿಧಾನವಾಗಿ ಬರಬೇಕು. ದಪ್ಪ ಸೂಟಿನಲ್ಲಿ ಕೊನೆಯ ಕೆಲವು ಮೀಟರುಗಳಲ್ಲಿ ಸರ್ರನೆ ಮೇಲಕ್ಕೆ ಹಾರಿಬಿಡುವ ಅಪಾಯ ನಿಜವಾದದ್ದು. ನಡುಕ ಶುರುವಾದರೆ ಬಡ್ಡಿಗೆ ಸನ್ನೆ ಮಾಡಿ ಡೈವ್ ಮುಗಿಸಿ, ಸಿಲಿಂಡರಿನಲ್ಲಿ ಎಷ್ಟೇ ಗಾಳಿ ಉಳಿದಿರಲಿ.

ಬಿಚ್ಚುವುದು, ಒಣಗಿಸುವುದು

ದಡದ ಗಾಳಿಗೆ ಒದ್ದೆ ಸೂಟು ಇನ್ನೂ ತಣ್ಣಗಾಗುತ್ತದೆ. ಭುಜದಿಂದ ಶುರು ಮಾಡಿ ಒಳಮಗ್ಗುಲು ಹೊರಗೆ ಬರುವಂತೆ ಸುಲಿಯಿರಿ. ತಲೆ ಒರೆಸಿ, ಟೋಪಿ ಹಾಕಿ, ಬಿಸಿಯಾಗಿ ಏನಾದರೂ ಕುಡಿಯಿರಿ. ಸೂಟನ್ನು ಸಿಹಿನೀರಿನಲ್ಲಿ ಎರಡೂ ಮಗ್ಗುಲು ಚೆನ್ನಾಗಿ ತೊಳೆದು, ಅಗಲ ಭುಜದ ಹ್ಯಾಂಗರಿಗೆ ಹಾಕಿ ನೆರಳಲ್ಲಿ ಒಣಗಿಸಿ. ಮೊದಲು ಒಳಮಗ್ಗುಲು ಹೊರಗಿರಲಿ. ತಂತಿ ಹ್ಯಾಂಗರ್ ಬೇಡ, ಭುಜದಲ್ಲಿ ಗೆರೆ ಬೀಳುತ್ತದೆ. ಮಡಚಿ ಡಿಕ್ಕಿಯಲ್ಲಿ ವಾರಗಟ್ಟಲೆ ಇಟ್ಟರೆ ಮಡಿಕೆಯ ಜಾಗದಲ್ಲಿ ಗುಳ್ಳೆಗಳು ಸಾಯುತ್ತವೆ, ಮುಂದಿನ ಡೈವಿನಲ್ಲಿ ಚಳಿ ಅಲ್ಲಿಂದಲೇ ಒಳಗೆ ಬರುತ್ತದೆ. ಜಿಪ್ಪಿನ ಹಲ್ಲುಗಳಿಗೆ ಆಗಾಗ ಜೇನುಮೇಣ ಉಜ್ಜಿ, ಉಪ್ಪಿಗೆ ಅದು ಕಚ್ಚಿಕೊಳ್ಳುವುದಿಲ್ಲ.