ಒಂಬತ್ತು ಪರ್ಸೆಂಟ್ ಬಿಟ್ಟು ಮೂವತ್ತು ಪರ್ಸೆಂಟ್ ಹಿಡಿದೆ

"ಉಪ್ಪಿನಕಾಯಿಗೆ ನೀರು ತುಂಬಿಸಿ ಕಳಿಸಿದ್ದಾರೆ, ಎಣ್ಣೆಯೇ ಇಲ್ಲ, ಮೋಸ." ಕೆಳಗೆ ಒಂದೇ ಒಂದು ನಕ್ಷತ್ರ. ದೆಹಲಿ ಕಡೆಯ ಗಿರಾಕಿಯೊಬ್ಬರು ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯ ಇದು. ಅದನ್ನು ಓದಿ ಅತ್ತೆಗೆ ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕರು. "ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕ್ತಾರಾ ಯಾರಾದ್ರೂ?" ಎಂದರು.

ನಾವಿರುವುದು ಸಾಗರ ತಾಲ್ಲೂಕಿನ ಒಳಹಳ್ಳಿಯಲ್ಲಿ. ಅಪ್ಪೆಮಿಡಿ ಎಂಬ ಪರಿಮಳದ ಎಳೆ ಮಾವಿನಕಾಯಿಯನ್ನು ತೊಟ್ಟಿನ ಸಮೇತ ಕೊಯ್ದು, ಭರಣಿಯಲ್ಲಿ ಉಪ್ಪು ಹಾಕಿ ಇಟ್ಟರೆ ಕಾಯಿ ತನ್ನ ನೀರು ಬಿಟ್ಟು ಚಿರುಟುತ್ತದೆ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಮೆಣಸು ರುಬ್ಬಿ ಮತ್ತೆ ಮಿಡಿಯ ಮೇಲೆ ಹೊಯ್ಯುತ್ತೇವೆ. ಆ ರಸದಲ್ಲೇ ಸೊನೆಯ ಪರಿಮಳ ಇರುವುದು. ಗೊತ್ತಿದ್ದವರು ಮಿಡಿ ಮುಗಿದ ಮೇಲೂ ರಸ ಚೆಲ್ಲುವುದಿಲ್ಲ, ಮೊಸರನ್ನಕ್ಕೆ ಇಟ್ಟುಕೊಳ್ಳುತ್ತಾರೆ. ಗೊತ್ತಿಲ್ಲದವರ ಕಣ್ಣಿಗೆ ಅದು ನೀರು. ಆನ್‌ಲೈನ್ ಮಾರಾಟದ ವಿಷಯದಲ್ಲಿ ನಾನು ಆಮೇಲೆ ಮಾಡಿದ್ದೆಲ್ಲ ಈ ಒಂದು ನಕ್ಷತ್ರದಿಂದ ಶುರುವಾದದ್ದು.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ನೆಂಟರು, ಅವರ ಪಕ್ಕದ ಮನೆಯವರು ಎಂದು ವಾಟ್ಸಾಪಿನಲ್ಲಿ ಸುಮಾರು ನೂರು ಬಾಟಲಿ ಹೋಯಿತು. ಮರುವರ್ಷ ಧೈರ್ಯ ಬಂತು. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದೆ (ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ನೂರು ರೂಪಾಯಿ ಅಷ್ಟೆ ಇತ್ತು, ಅದರಲ್ಲಿ ಕಷ್ಟವಾಗಲಿಲ್ಲ). ಜಿಎಸ್‌ಟಿ ಮಾಡಿಸಿದೆ. ಎಲ್ಲರೂ ಹೆಸರು ಕೇಳಿರುವ ಒಂದು ದೊಡ್ಡ ತಾಣದಲ್ಲಿ ಖಾತೆ ತೆರೆದೆ. ಮೊದಲ ಎಡವಟ್ಟು ಅಲ್ಲೇ ಆಯಿತು. ಪದಾರ್ಥದ ಬಗೆ ಆರಿಸಬೇಕಾದ ಪಟ್ಟಿಯಲ್ಲಿ ಮಾವು, ನಿಂಬೆ, ಮಿಶ್ರ ಎಂದಿತ್ತು. ಜೀರಿಗೆ ಮಿಡಿ, ಅನಂತಭಟ್ಟ ಅಪ್ಪೆ ಎಂದೆಲ್ಲ ನಾವು ಮರದಿಂದ ಮರಕ್ಕೆ ಪರಿಮಳ ಗುರುತಿಸಿ ಬೇರೆ ಬೇರೆ ಭರಣಿಗೆ ಹಾಕುವ ಕಾಯಿಗಳೆಲ್ಲ ಒಂದೇ ಕ್ಲಿಕ್ಕಿನಲ್ಲಿ 'ಮಾವು' ಆದವು. ಗಿರಾಕಿ ನನ್ನ ಬಾಟಲಿಯನ್ನು 99 ರೂಪಾಯಿಯ ಎಣ್ಣೆ ಉಪ್ಪಿನಕಾಯಿಯ ಪಕ್ಕ ನೋಡುತ್ತಿದ್ದ.

ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ನಾನೇ ಒಂದೂವರೆ ವರ್ಷ ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ಅರ್ಧ ಕಿಲೋ ಬಾಟಲಿಗೆ ಆಗ 280 ರೂಪಾಯಿ. ಅದರಲ್ಲಿ 12 ಪರ್ಸೆಂಟ್ ಜಿಎಸ್‌ಟಿಯ 30 ರೂಪಾಯಿ ಸರ್ಕಾರದ್ದು, ನನ್ನದು 250. ಕಮಿಷನ್ ಒಂಬತ್ತು ಪರ್ಸೆಂಟ್, ಅಂದರೆ 25. ಒಂಬತ್ತೇ ತಾನೆ ಎಂದು ಖುಷಿಪಟ್ಟಿದ್ದೆ. ಆಮೇಲೆ ಪ್ರತಿ ಆರ್ಡರಿಗೆ ಸ್ಥಿರ ಶುಲ್ಕ 15. ಸಾಗಣೆ 78, ಯಾಕೆಂದರೆ ಅರ್ಧ ಕಿಲೋ ಉಪ್ಪಿನಕಾಯಿ ಗಾಜು, ರಟ್ಟು, ಗುಳ್ಳೆ ಹಾಳೆ ಸೇರಿ ಒಂದು ಕಿಲೋ ತೂಗುತ್ತದೆ. ಒಟ್ಟು 118 ಹೋಯಿತು. ಈ ಶುಲ್ಕಗಳ ಮೇಲಿನ ಜಿಎಸ್‌ಟಿಯನ್ನೂ, ತಾಣ ಆಗ ಮೊದಲೇ ಹಿಡಿದುಕೊಳ್ಳುತ್ತಿದ್ದ ಒಂದು ಪರ್ಸೆಂಟ್ ತೆರಿಗೆಯನ್ನೂ (ಟಿಸಿಎಸ್) ರಿಟರ್ನ್ ತುಂಬುವಾಗ ವಾಪಸ್ ಹೊಂದಿಸಿಕೊಳ್ಳಬಹುದಿತ್ತು, ಹಾಗಾಗಿ ಅದನ್ನು ಬಿಡಿ. ಉಳಿದ 132ರಲ್ಲಿ ಮಿಡಿ, ಸಾಸಿವೆ, ಮೆಣಸು, ಬಾಟಲಿ, ರಟ್ಟಿನ ಖರ್ಚು 105. ಮಿಕ್ಕಿದ್ದು 27 ರೂಪಾಯಿ. ಇದರಲ್ಲಿ ಅತ್ತೆಯ ಕೂಲಿ, ನನ್ನ ಕೂಲಿ ಎರಡೂ ಸೇರಿತ್ತು.

ಅದೂ ಬಾಟಲಿ ಮುಟ್ಟಿದರೆ ಮಾತ್ರ. ಕ್ಯಾಶ್ ಆನ್ ಡೆಲಿವರಿಯಲ್ಲಿ ತರಿಸಿ, ಹುಡುಗ ಬಾಗಿಲಿಗೆ ಬಂದಾಗ ಬೇಡ ಎಂದರೆ ಬಾಟಲಿ ತಿಂಗಳು ಸುತ್ತಿ ಮನೆಗೆ ಬರುತ್ತದೆ. ತಿನ್ನುವ ಪದಾರ್ಥ, ಮತ್ತೊಬ್ಬರಿಗೆ ಕೊಡುವ ಹಾಗಿಲ್ಲ. ಮಾಲು 105, ಹೋಗಿ ಬಂದ ಸಾಗಣೆ ಸುಮಾರು 150. ಒಂದು ಬಾಟಲಿ ತಿರುಗಿ ಬಂದರೆ ಒಂಬತ್ತು ಬಾಟಲಿಯ ದುಡಿಮೆ ತಿಪ್ಪೆಗೆ. ನಮ್ಮದು ರಸದ ಉಪ್ಪಿನಕಾಯಿಯಾದ್ದರಿಂದ ಸೋರಿಕೆಯ ದೂರೂ ಜಾಸ್ತಿ. ಗಾಜು ಬಿಟ್ಟು ಪ್ಲಾಸ್ಟಿಕ್ ಡಬ್ಬಿಗೆ ಬಂದು, ಮುಚ್ಚಳದ ಒಳಗೆ ಕಾಯಿಸಿ ಅಂಟಿಸುವ ಇಂಡಕ್ಷನ್ ಸೀಲ್ ಹಾಕಿದ ಮೇಲೆ ಸೋರಿಕೆ ನಿಂತಿತು. ಅತ್ತೆ ಮಾತ್ರ ಇವತ್ತಿಗೂ ಪ್ಲಾಸ್ಟಿಕ್ಕನ್ನು ಒಪ್ಪಿಲ್ಲ.

2022ರ ಜುಲೈನಲ್ಲಿ ನಾನು ಆ ತಾಣ ಬಿಟ್ಟೆ. ಜಡಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಟವರೂ ಸತ್ತಿತ್ತು. ನಾಲ್ಕನೇ ದಿನ ಗುಡ್ಡ ಹತ್ತಿ ಸಿಗ್ನಲ್ ಹಿಡಿದು ನೋಡಿದರೆ ಐದು ಆರ್ಡರ್ ತಡವಾಗಿದ್ದಕ್ಕೆ ದಂಡ ಬಿದ್ದಿದೆ, ಖಾತೆಯ 'ಆರೋಗ್ಯ' ಕೆಂಪಾಗಿದೆ. ನಮ್ಮ ಪಿನ್‌ಕೋಡಿಗೆ ಕೊರಿಯರ್‌ನವರು ಬರುವುದಿಲ್ಲ, ನಾನೇ 18 ಕಿಲೋಮೀಟರ್ ಸ್ಕೂಟಿಯಲ್ಲಿ ಸಾಗರಕ್ಕೆ ಒಯ್ಯಬೇಕು. ಮಲೆನಾಡಿನ ಮಳೆಗಾಲ ಏನೆಂದು ಆ ಸಾಫ್ಟ್‌ವೇರಿಗೆ ಹೇಳುವುದು ಹೇಗೆ?

ಮುಂದಿನ ಒಂದು ವರ್ಷ ಬದಲಿ ಜಾಗ ಹುಡುಕಿದೆ. ಮೀಶೋ 2021ರಲ್ಲೇ ಮಾರುವವರಿಂದ ಕಮಿಷನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ಆದರೆ ಅಲ್ಲಿ ಜನ ನೋಡುವುದು ಕಡಿಮೆ ಬೆಲೆಯ ಬಟ್ಟೆಬರೆ, ಮನೆ ಸಾಮಾನು. 280ರ ಬಾಟಲಿಯನ್ನು ಅಲ್ಲಿಡುವುದು ನನಗೇ ಸರಿ ಕಾಣಲಿಲ್ಲ, ಇಡಲಿಲ್ಲ. ಸ್ವಂತ ವೆಬ್‌ಸೈಟ್ ಮಾಡಿಸಿದೆ. ಊರಾಚೆ ಗುಡ್ಡದ ಮೇಲೆ ಅಂಗಡಿ ಹಾಕಿ ದೀಪ ಹಚ್ಚಿ ಕೂತ ಹಾಗಾಯಿತು, ಎಂಟು ತಿಂಗಳಿಗೆ ಬಾಗಿಲು ಹಾಕಿದೆ.

ಸರ್ಕಾರದ ಬೆಂಬಲದ ಆನ್‌ಲೈನ್ ವ್ಯಾಪಾರದ ಜಾಲ ಓಎನ್‌ಡಿಸಿ ಬಗ್ಗೆ ನನಗೆ ಆಸೆಯಿತ್ತು. ಒಂದು ಕಂಪನಿಯ ಯುಪಿಐ ಆ್ಯಪಿನಿಂದ ಇನ್ನೊಂದು ಕಂಪನಿಯದಕ್ಕೆ ದುಡ್ಡು ಹೋಗುವ ಹಾಗೆ, ಕೊಳ್ಳುವವರು ಯಾವುದೋ ಆ್ಯಪಿನಲ್ಲಿ ಹುಡುಕಿದರೆ ಬೇರೆ ಆ್ಯಪಿನಲ್ಲಿ ಪಟ್ಟಿ ಮಾಡಿದ ನನ್ನ ಬಾಟಲಿ ಕಾಣಬೇಕು ಎನ್ನುವುದು ಅದರ ಏರ್ಪಾಡು. 2022ರ ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಸಾರ್ವಜನಿಕರಿಗೆ ಶುರುವಾಗಿತ್ತು. 2023ರಲ್ಲಿ ಸೇರಿದೆ, ಆರ್ಡರ್ ಬೆರಳೆಣಿಕೆ. ಅದರ ತಪ್ಪೆಂದು ಹೇಳಲಾರೆ. ಮಧ್ಯಾಹ್ನದ ಊಟ, ಪಕ್ಕದ ಬೀದಿಯ ದಿನಸಿ ಹುಡುಕುವವರಿಗೆ ಸಾಗರದ ಮಿಡಿ ಯಾಕೆ ನೆನಪಾಗುತ್ತದೆ?

ಇದರ ನಡುವೆ ಜಿಎಸ್‌ಟಿ ರದ್ದು ಮಾಡಿಸಿಬಿಡಲೇ ಎಂದೂ ಯೋಚಿಸಿದೆ. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿರುವ ಸಣ್ಣವರು ಜಿಎಸ್‌ಟಿ ಇಲ್ಲದೆಯೂ ಪ್ಯಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ಪಡೆದು ಇಂಥ ತಾಣಗಳಲ್ಲಿ ಮಾರಬಹುದು. ನನ್ನ ತಂಗಿ ತೊಡದೇವು ಎಂಬ ಸಿಹಿತಿಂಡಿ ಮಾರುವುದು ಹಾಗೆಯೇ. ಆದರೆ ಆ ಸವಲತ್ತು ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ನನ್ನ ಗಿರಾಕಿಗಳಲ್ಲಿ ಮೂರರಲ್ಲೊಂದು ಪಾಲು ಮುಂಬೈ, ಪುಣೆಯಲ್ಲಿದ್ದಾರೆ. ಉಪ್ಪಿನಕಾಯಿ ಗಡಿ ದಾಟಬೇಕೆಂದರೆ ಜಿಎಸ್‌ಟಿ ಬೇಕೇ ಬೇಕು. ಇಟ್ಟುಕೊಂಡೆ. (2025ರ ಸೆಪ್ಟೆಂಬರ್ 22ರಿಂದ ಉಪ್ಪಿನಕಾಯಿ ತೆರಿಗೆ 5 ಪರ್ಸೆಂಟಿಗೆ ಇಳಿದಿದೆ, ಒಳ್ಳೆಯದಾಯಿತು.)

ಆಗ ಬೆಂಗಳೂರಿನಿಂದ ಒಂದು ಫೋನ್ ಬಂತು. ಎರಡು ಮಳಿಗೆ, ಒಂದು ಸಣ್ಣ ಆನ್‌ಲೈನ್ ತಾಣ ಇಟ್ಟುಕೊಂಡಿರುವ ಸಾವಯವ ಅಂಗಡಿಯವರು. "ನಮಗೆ ಮೂವತ್ತು ಪರ್ಸೆಂಟ್ ಬಿಡಬೇಕು" ಎಂದರು. ಹಗಲು ದರೋಡೆ ಎಂದುಕೊಂಡು ಫೋನಿಟ್ಟೆ. ರಾತ್ರಿ ನಿದ್ದೆ ಬಾರದೆ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ನೋಡಿದೆ. 280ರಲ್ಲಿ ಮೂವತ್ತು ಪರ್ಸೆಂಟ್ ಹೋದರೆ 196. ತೆರಿಗೆ 21 ತೆಗೆದರೆ 175. ಇಪ್ಪತ್ತನಾಲ್ಕು ಬಾಟಲಿಯ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿದರೆ ಬಾಟಲಿಗೆ 10 ರೂಪಾಯಿ ಸಾಗಣೆ. ಖರ್ಚು 105. ಉಳಿದದ್ದು 60.

ಇನ್ನೊಮ್ಮೆ ಕೂಡಿಸಿದೆ. ಅರವತ್ತೇ.

ಅವರು ಮಾಲನ್ನು ಪೂರ್ತಿ ಕೊಂಡುಬಿಡುತ್ತಾರೆ, ಮಾರಾಟವಾಗದಿದ್ದರೆ ಅವರ ತಲೆನೋವು. ದುಡ್ಡು ಮೂವತ್ತು ದಿನಕ್ಕೆ. ಬೆಳಗ್ಗೆ ನಾನೇ ಫೋನ್ ಮಾಡಿ ಎರಡು ಷರತ್ತು ಹಾಕಿದೆ: ಸೋರಿದ್ದರೆ ಏಳು ದಿನದೊಳಗೆ ಫೋಟೋ ಕಳಿಸಬೇಕು, ಆಮೇಲೆ ವಾಪಸಿಲ್ಲ, ಚೀಟಿಯ ಮೇಲೆ ನಮ್ಮ ಹೆಸರು, ಮಿಡಿಯ ಜಾತಿ ಎರಡೂ ಇರಬೇಕು. ಅವರು ಲ್ಯಾಬ್ ಪರೀಕ್ಷೆ ಕೇಳಿದರು, ಅದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ನಮ್ಮ ಕಡೆಯವರೇ, ರಸ ನೋಡಿ ನೀರು ಎನ್ನುವವರಲ್ಲ.

ಮಿಕ್ಕಿದ್ದು ಹಳೆಯ ವಾಟ್ಸಾಪ್. ಈಗ 420 ಹೆಸರಿವೆ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರಷ್ಟೇ, ಅದೂ ಅವರ ಫೋನಿನಲ್ಲಿ ನನ್ನ ನಂಬರ್ ಸೇವ್ ಆಗಿದ್ದರೆ ಮಾತ್ರ ಸುದ್ದಿ ಮುಟ್ಟುತ್ತದೆ. ಹಾಗಾಗಿ ಪ್ರತಿ ಡಬ್ಬಿಯ ಜೊತೆ "ಈ ನಂಬರ್ ಉಳಿಸಿಕೊಳ್ಳಿ" ಎಂದು ಕೈಯಲ್ಲಿ ಬರೆದ ಚೀಟಿ ಹಾಕುತ್ತೇನೆ. ಮಾರ್ಚಿನಲ್ಲಿ ರಿಪ್ಪನ್‌ಪೇಟೆಗೆ ಮಿಡಿ ಕೊಳ್ಳಲು ಹೋಗುವ ಮೊದಲೇ ಯುಪಿಐನಲ್ಲಿ ಅರ್ಧ ಮುಂಗಡ ಬಂದಿರುತ್ತದೆ. ಮಿಡಿಗೆ ಸಾಲ ಮಾಡುವುದು ತಪ್ಪಿತು. ಕಳಿಸುವುದು ನಮ್ಮೂರ ಅಂಚೆಯಲ್ಲಿ, ಮಳೆ ಹಿಡಿಯುವುದರೊಳಗೆ ಮುಗಿಸುತ್ತೇನೆ. ತಡವಾದರೆ "ಮಳೆ ಜೋರಾ ಅಕ್ಕಾ?" ಎಂದು ಕೇಳುತ್ತಾರೆ, ದಂಡ ಹಾಕುವುದಿಲ್ಲ. ಆದರೆ ಸುಲಭ ಎಂದುಕೊಳ್ಳಬೇಡಿ. ಏಪ್ರಿಲ್, ಮೇ ರಾತ್ರಿಗಳೆಲ್ಲ ವಿಳಾಸ ಬರೆಯುವುದರಲ್ಲೇ ಕಳೆಯುತ್ತವೆ. ಐನೂರು ಹೆಸರು ದಾಟಿದರೆ ನನ್ನಿಂದಾಗದು.

ಹೋದ ವಾರ ಅಂಗಡಿಯವರು ಹೊಸ ಮಾತು ತೆಗೆದರು. ಬರುವ ವರ್ಷ ಎರಡು ಪಟ್ಟು ಮಾಲು ತೆಗೆದುಕೊಳ್ಳುತ್ತಾರಂತೆ, ಆದರೆ ಚೀಟಿಯ ಮೇಲೆ ಅವರದೇ ಹೆಸರು ಇರಬೇಕಂತೆ. ಅತ್ತೆ "ಯಾರ ಹೆಸರಾದರೇನು, ಭರಣಿ ಖಾಲಿಯಾದರೆ ಸೈ" ಎನ್ನುತ್ತಾರೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಮಿಡಿ ಬರುವುದರೊಳಗೆ ಹೇಳಬೇಕು.