ಯುದ್ಧತಂತ್ರದ ಆಟಗಳಿಗೆ ಆನ್‌ಲೈನ್ ಕ್ಲಬ್: ಸೋತವರೂ ಮತ್ತೆ ಬರುವ ಹಾಗೆ ನಡೆಸುವುದು ಹೇಗೆ?

ಯುದ್ಧತಂತ್ರದ ಆಟಗಳಿಗೆ ಬರವಿಲ್ಲ. ಕೊನೆವರೆಗೂ ಜೊತೆಗಿರುವ ಎದುರಾಳಿಗೆ ಮಾತ್ರ ಯಾವಾಗಲೂ ಬರ. ಕಂಪ್ಯೂಟರ್ ಜೊತೆ ಎಷ್ಟು ದಿನ ಅಂತ ಆಡುತ್ತೀರಿ? ಅದು ಎಡಗಡೆಯಿಂದ ಬರುತ್ತದೋ ಬಲಗಡೆಯಿಂದ ಬರುತ್ತದೋ ಅಂತ ಒಮ್ಮೆ ಗೊತ್ತಾದರೆ ಮಜಾ ಮುಗಿಯಿತು. ಅಪರಿಚಿತರ ಜೊತೆ ಆಡಲು ಹೋದರೆ ನಾಲ್ಕು ಟ್ಯಾಂಕ್ ಕಳೆದುಕೊಂಡ ಕೂಡಲೇ ಆ ಮನುಷ್ಯ ಆಟ ಬಿಟ್ಟು ನಾಪತ್ತೆ. ಅದಕ್ಕೇ ಕ್ಲಬ್ ಬೇಕು.

ಕ್ಲಬ್ ಶುರು ಮಾಡುವುದು ಒಂದು ಸಂಜೆಯ ಕೆಲಸ. ನಡೆಸಿಕೊಂಡು ಹೋಗುವುದೇ ಕಷ್ಟ. ಜಗಳ ಆಗಿ ಕ್ಲಬ್ ಮುಚ್ಚುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ, ಆದರೆ ಸೋತವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಜಾಗ ಖಾಲಿ ಮಾಡುವುದೇ ಜಾಸ್ತಿ ಹಾನಿ ಮಾಡುತ್ತದೆ. ಇಬ್ಬರು ಆಡಿದರೆ ಒಬ್ಬರು ಸೋಲಲೇಬೇಕು ಅಲ್ವಾ? ಹಾಗಾಗಿ ಯಾವುದೇ ನಿಯಮ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಿನ್ನೆ ಸೋತವರು ನಾಳೆ ಇನ್ನೊಂದು ಆಟಕ್ಕೆ ಬರುತ್ತಾರಾ?

ಮೊದಲು ಆಟ ಆರಿಸಿ

ಶುರುವಿಗೆ ಒಂದೇ ಆಟ ಸಾಕು, ಜಾಸ್ತಿ ಅಂದರೆ ಎರಡು. ಹತ್ತು ಆಟಗಳ ಪಟ್ಟಿ ಹಾಕಿದರೆ ಒಂದೊಂದಕ್ಕೆ ಇಬ್ಬರು ಮೂವರು ಹಂಚಿಹೋಗಿ ಯಾರಿಗೂ ಎದುರಾಳಿ ಸಿಗುವುದಿಲ್ಲ.

ಆಟ ಯಾವ ಬಗೆಯದು ಅನ್ನುವುದರ ಮೇಲೆ ಕ್ಲಬ್ಬಿನ ಇಡೀ ದಿನಚರಿ ನಿಂತಿದೆ. 1999ರ ಏಜ್ ಆಫ್ ಎಂಪೈರ್ಸ್ 2, 2006ರ ಕಂಪನಿ ಆಫ್ ಹೀರೋಸ್ ತರಹದ ರಿಯಲ್ ಟೈಮ್ ಆಟಗಳಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಕೂರಬೇಕು. ಒಬ್ಬರಿಗೆ ರಾತ್ರಿ ಹತ್ತಾದಾಗ ಇನ್ನೊಬ್ಬರಿಗೆ ಬೆಳಗಿನ ಕೆಲಸದ ಹೊತ್ತಾಗಿದ್ದರೆ ಆಟ ನಡೆಯುವುದೇ ಇಲ್ಲ. ಟರ್ನ್, ಅಂದರೆ ತಮ್ಮ ಸರದಿಯ ನಡೆಯನ್ನು, ಕಳಿಸಿ ಆಡುವ ಆಟಗಳಲ್ಲಿ ಈ ತಲೆನೋವಿಲ್ಲ. ಕಾಂಬ್ಯಾಟ್ ಮಿಷನ್ ಸರಣಿಯಲ್ಲಿ ಇಬ್ಬರೂ ತಮ್ಮ ತಮ್ಮ ಆಜ್ಞೆ ಕೊಟ್ಟು ಫೈಲ್ ಕಳಿಸುತ್ತಾರೆ, ಆಮೇಲೆ 60 ಸೆಕೆಂಡಿನ ಕಾಳಗದಲ್ಲಿ ಇಬ್ಬರ ಆಜ್ಞೆಗಳೂ ಒಟ್ಟಿಗೆ ನಡೆಯುತ್ತವೆ, ಅದನ್ನು ನೋಡಿ ಮುಂದಿನ ನಿಮಿಷಕ್ಕೆ ಯೋಚಿಸುವುದು. ಷಟ್ಕೋನದ ಮನೆಗಳಿರುವ ಮ್ಯಾಪಿನ ಹಳೇ ಬೋರ್ಡ್ ಆಟಗಳು ಇಷ್ಟವಾದರೆ ವಾಸಲ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ನೇರವಾಗಿಯೂ ಆಡಬಹುದು, ನಡೆಗಳನ್ನು ಫೈಲ್ ಮಾಡಿ ಕಳಿಸಲೂಬಹುದು.

ದೂರದೂರದ ಸದಸ್ಯರಿರುವ ಕ್ಲಬ್ಬಿಗೆ ನಾನು ಟರ್ನ್ ಆಟವನ್ನೇ ಹೇಳುವುದು. ನಿಧಾನ ಆಯಿತು ಅಂತ ಹೆದರಬೇಡಿ. 1959ರಲ್ಲಿ ಮಾರಾಟಕ್ಕೆ ಬಂದ ಡಿಪ್ಲೊಮಸಿ ಅನ್ನುವ ಬೋರ್ಡ್ ಆಟವನ್ನು 1963ರಿಂದಲೇ ಜನ ಅಂಚೆಯಲ್ಲಿ ಆಡುತ್ತಿದ್ದರು, ಒಂದೊಂದು ನಡೆಗೆ ವಾರಗಟ್ಟಲೆ ಕಾದು.

ಇನ್ನೊಂದು ವಿಷಯ. ಕ್ಲಬ್ಬಿನ ಪಂದ್ಯಗಳನ್ನು ಮೂಲ ಆಟದಲ್ಲೇ ಇರುವ ಸಿನಾರಿಯೊಗಳಿಂದ, ಅಂದರೆ ಸಿದ್ಧ ಕಾಳಗಗಳಿಂದ, ಆರಿಸಿ. ಹೆಚ್ಚುವರಿ ಪ್ಯಾಕ್ ದುಡ್ಡು ಕೊಟ್ಟು ತಗೊಂಡವರಿಗಷ್ಟೇ ಟೂರ್ನಿ ಅಂದರೆ ಹೊಸಬರು ಬಾಗಿಲಲ್ಲೇ ನಿಂತು ವಾಪಸ್ ಹೋಗುತ್ತಾರೆ.

ಕೂರಲು ಜಾಗ

ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪಿನಲ್ಲಿ ಒಂದು ಸರ್ವರ್, ಅಂದರೆ ನಿಮ್ಮ ಗುಂಪಿನದೇ ಜಾಗ, ಇದ್ದರೆ ಸಾಕು. ನಾಲ್ಕು ಚಾನೆಲ್ ಮಾಡಿ: ಪ್ರಕಟಣೆ, ಹರಟೆ, ‘ಎದುರಾಳಿ ಬೇಕು’, ಫಲಿತಾಂಶ. ಮೊದಲ ದಿನವೇ ಇಪ್ಪತ್ತು ಚಾನೆಲ್ ತೆರೆದರೆ ಹದಿನಾರು ಖಾಲಿ ಕೂರುತ್ತವೆ, ಬಂದವರಿಗೆ ಇಲ್ಲಿ ಯಾರೂ ಇಲ್ಲ ಅನ್ನಿಸುತ್ತದೆ. ಹೊತ್ತು ಹೇಳುವಾಗ ಡಿಸ್ಕಾರ್ಡಿನ ಟೈಮ್‌ಸ್ಟ್ಯಾಂಪ್ ಬಳಸಿ, ಓದುವವರಿಗೆ ಅವರವರ ಗಡಿಯಾರದ ಪ್ರಕಾರವೇ ಕಾಣುತ್ತದೆ. ‘ಇವತ್ತು ಸಂಜೆ ಎಂಟಕ್ಕೆ’ ಅಂತ ಸುಮ್ನೆ ಬರೆದರೆ ಯಾರ ಸಂಜೆ ಅನ್ನುವುದರಲ್ಲೇ ಅರ್ಧ ಆಟ ತಪ್ಪಿಹೋಗುತ್ತದೆ.

ನಿಯಮ ಒಂದು ಸ್ಕ್ರೀನಿನಲ್ಲಿ ಮುಗಿಯಲಿ

ಫೋನಿನಲ್ಲಿ ಒಂದೇ ನೋಟಕ್ಕೆ ಓದಿ ಮುಗಿಯುವಷ್ಟು ನಿಯಮ ಇದ್ದರೆ ಸಾಕು. ಮರ್ಯಾದೆಯಿಂದ ನಡೆದುಕೊಳ್ಳಿ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಜಗಳ ಹುಟ್ಟುವುದು ಸಣ್ಣ ಸಣ್ಣ ಲೆಕ್ಕಾಚಾರದಲ್ಲಿ. ಒಂದು ಟರ್ನಿಗೆ ಎಷ್ಟು ದಿನ? ಇಂಟರ್ನೆಟ್ ಕೈಕೊಟ್ಟರೆ ಏನು? ಅರ್ಧದಲ್ಲಿ ಪ್ಯಾಚ್ ಬಂದು ಆಟದ ವರ್ಷನ್ ಬದಲಾದರೆ? ಈ ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಎಷ್ಟೋ ಆಟಗಳಲ್ಲಿ ಒಬ್ಬರು ಅಪ್‌ಡೇಟ್ ಮಾಡಿಕೊಂಡು ಇನ್ನೊಬ್ಬರು ಮಾಡಿಕೊಳ್ಳದಿದ್ದರೆ ಸೇವ್ ಫೈಲ್ ತೆರೆಯುವುದೇ ಇಲ್ಲ.

ಇದಕ್ಕೆಲ್ಲ ಒಳ್ಳೆಯ ದಾರಿ ಅಂದರೆ ಆಟಕ್ಕೆ ಮುಂಚೆ ಇಬ್ಬರೂ ಒಪ್ಪಿಕೊಂಡು ಚಾನೆಲ್ಲಿನಲ್ಲಿ ಹಾಕುವ ಒಂದು ಸಂದೇಶ. ಹೀಗಿದ್ದರೆ ಸಾಕು:

‘ಸಿನಾರಿಯೊ: ಸೇತುವೆ ಕಾಳಗ, 30 ಟರ್ನ್. ನಾನು ದಾಳಿ, ನೀವು ರಕ್ಷಣೆ. ಮೂರು ದಿನಕ್ಕೆ ಒಂದು ಟರ್ನ್ ಆದರೂ ಕಳಿಸೋಣ. ತಡ ಆಗುವ ಹಾಗಿದ್ದರೆ ಮೊದಲೇ ಹೇಳೋಣ. ಆಟ ಮುಗಿಯುವವರೆಗೆ ಪ್ಯಾಚ್ ಬೇಡ. ಮೊದಲ ಟರ್ನಿನಲ್ಲಿ ಫಿರಂಗಿ ದಾಳಿ ಬೇಡ.’

ಆ ಕೊನೆಯ ಸಾಲು ನೋಡಿ. ಎದುರಾಳಿಯ ಪಡೆ ಎಲ್ಲಿ ಸಾಲುಗಟ್ಟಿದೆ ಅಂತ ಮ್ಯಾಪ್ ನೋಡಿಯೇ ಊಹಿಸಿ, ಅವರು ಕದಲುವ ಮುಂಚೆಯೇ ಅಲ್ಲಿಗೆ ಫಿರಂಗಿ ಸುರಿಸಿದರೆ ಆಟ ಶುರುವಾಗುವಷ್ಟರಲ್ಲೇ ಮುಗಿದಂತೆ. ಪ್ರೋಗ್ರಾಮ್ ಅದನ್ನು ತಡೆಯದೆ ಇರಬಹುದು, ಆಟಗಾರರು ಮಾತಾಡಿಕೊಂಡು ತಡೆಯಬಹುದು. ಇಂಥವನ್ನು ಆಟಗಾರರು ಹೌಸ್ ರೂಲ್ ಅನ್ನುತ್ತಾರೆ. ಮೊದಲೇ ಹೇಳಿದ್ದರೆ ಒಪ್ಪಂದ, ಸೋತ ಮೇಲೆ ಹೇಳಿದರೆ ತಕರಾರು.

ಫೈಲಿಗೆ ಹೆಸರಿಡುವ ಕ್ರಮವನ್ನೂ ಒಮ್ಮೆ ಗೊತ್ತು ಮಾಡಿಬಿಡಿ: ಸಿನಾರಿಯೊ ಹೆಸರು, ಇಬ್ಬರ ಹೆಸರು, ಟರ್ನ್ ಸಂಖ್ಯೆ. ಒಂದೇ ಸಲ ಐದು ಆಟ ಆಡುವವರಿಗೆ ಯಾವ ಫೈಲ್ ಯಾರದು ಅನ್ನುವ ಗೊಂದಲ ತಪ್ಪುತ್ತದೆ. ಮೋಸದ ವಿಷಯವನ್ನೂ ಬಿಚ್ಚಿ ಹೇಳಿ. ನಡೆ ಕೆಟ್ಟದಾಯಿತು ಅಂತ ಫೈಲನ್ನು ಮತ್ತೆ ತೆರೆದು ಇನ್ನೊಮ್ಮೆ ಅದೃಷ್ಟ ನೋಡುವ ಚಾಳಿ ಕೆಲವರಿಗಿದೆ. ಯಾವ ಆಟದಲ್ಲಿ ಅದು ಸಾಧ್ಯ, ಯಾವುದರಲ್ಲಿ ಇಲ್ಲ ಅಂತ ನೀವು ತಿಳಿದಿರಬೇಕು. ವಾಸಲ್‌ನಲ್ಲಿ ದಾಳ ಉರುಳಿಸಿದ್ದು ಲಾಗ್‌ನಲ್ಲಿ ದಾಖಲಾಗುತ್ತದೆ, ಅನುಮಾನ ಬಂದರೆ ನೋಡಬಹುದು.

ಅರ್ಧಕ್ಕೆ ಬಿಡುವವರು

ಕೆಲಸ, ಮಕ್ಕಳು, ಕಾಯಿಲೆ ಎಲ್ಲರಿಗೂ ಇದ್ದದ್ದೇ. ಆಟ ನಿಲ್ಲಿಸಲು ಮರ್ಯಾದೆಯ ದಾರಿ ಇಲ್ಲದಿದ್ದರೆ ಜನ ನಾಚಿಕೊಂಡು ಕ್ಲಬ್ಬನ್ನೇ ಬಿಟ್ಟುಬಿಡುತ್ತಾರೆ. ಹಾಗಾಗಿ ‘ಸೋಲು ಒಪ್ಪಿದೆ, ಚೆನ್ನಾಗಿ ಆಡಿದಿರಿ’ ಅಂತ ಯಾವ ಟರ್ನಿನಲ್ಲಾದರೂ ಹೇಳಬಹುದು ಅಂತ ನಿಯಮದಲ್ಲೇ ಬರೆಯಿರಿ. ರಜೆ ಹಾಕುವ ಅವಕಾಶವೂ ಇರಲಿ. ಹೇಳದೆ ಕೇಳದೆ ಹೋದವರಿಗೆ ಒಂದು ವಾರ ಕಾಯಿರಿ, ಖಾಸಗಿಯಾಗಿ ಒಂದು ಸಂದೇಶ ಕಳಿಸಿ ‘ಎಲ್ಲ ಕ್ಷೇಮ ತಾನೇ?’ ಅಂತ ಕೇಳಿ. ಮೊದಲು ಕ್ಷೇಮ ವಿಚಾರಿಸಿ, ಪಾಯಿಂಟ್ ವಿಷಯ ಆಮೇಲೆ. ಇನ್ನೂ ಉತ್ತರ ಬರದಿದ್ದರೆ ಆಟವನ್ನು ಮುಚ್ಚಿ, ಕಾಯುತ್ತಿರುವ ಎದುರಾಳಿಗೆ ಬೇರೆ ಜೊತೆ ಹುಡುಕಿಕೊಡಿ. ಹೋದವರು ಮೂರು ತಿಂಗಳ ನಂತರ ಬಂದರೆ ಹಳೆಯದನ್ನು ಕೆದಕದೆ ಸೇರಿಸಿಕೊಳ್ಳಿ.

ಹೊಸಬರಿಗೆ ಮೊದಲ ಆಟ

ಹೊಸಬರ ಮೊದಲ ಆಟವೇ ಅವರು ಉಳಿಯುತ್ತಾರೋ ಇಲ್ಲವೋ ಅಂತ ತೀರ್ಮಾನ ಮಾಡುತ್ತದೆ. ಕ್ಲಬ್ಬಿನ ಹುಲಿಯ ಎದುರಿಗೆ ಅವರನ್ನು ಕೂರಿಸಬೇಡಿ. ತಾಳ್ಮೆ ಇರುವ ಹಳಬರೊಬ್ಬರ ಜೊತೆ ಚಿಕ್ಕ ಮ್ಯಾಪಿನಲ್ಲಿ, ಲೆಕ್ಕಕ್ಕಿಲ್ಲದ ಆಟ ಆಡಿಸಿ. ಹಳಬರು ಆಡುತ್ತಾ ಆಡುತ್ತಾ ಹೇಳಿಕೊಡಬೇಕು: ‘ಆ ಗುಡ್ಡದ ನೆತ್ತಿಯ ಮೇಲೆ ಟ್ಯಾಂಕ್ ನಿಲ್ಲಿಸಿದರೆ ಸುತ್ತಲಿನ ಎಲ್ಲರ ಕಣ್ಣಿಗೂ ಬೀಳುತ್ತದೆ, ಸ್ವಲ್ಪ ಹಿಂದೆ ತಗೊಳ್ಳಿ, ತೋಪಿರುವ ಮೇಲಿನ ಭಾಗ ಮಾತ್ರ ಕಾಣಲಿ.’ ಇಂಥ ಒಂದು ಮಾತು ಹತ್ತು ವಿಡಿಯೊ ನೋಡಿದ್ದಕ್ಕಿಂತ ಜಾಸ್ತಿ ಕಲಿಸುತ್ತದೆ.

ಹೊಸಬರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ‘ನಿಮಗೆ ಇದೆಲ್ಲ ಗೊತ್ತಾ?’ ಅಂತ ಪರೀಕ್ಷೆ ಮಾಡುವವರು ಇದ್ದೇ ಇರುತ್ತಾರೆ. ಅಂಥವರಿಗೆ ಹೇಳಲು ಒಂದು ನಿಜ ಸಂಗತಿ ಇದೆ. 1942ರಲ್ಲಿ ಬ್ರಿಟನ್ ನೌಕಾಪಡೆ ಲಿವರ್‌ಪೂಲಿನಲ್ಲಿ ಒಂದು ತಂತ್ರ ಘಟಕ ತೆರೆಯಿತು. ಗಿಲ್ಬರ್ಟ್ ರಾಬರ್ಟ್ಸ್ ಅದರ ಮುಖ್ಯಸ್ಥ. ನೆಲದ ಮೇಲೆ ಗೆರೆ ಎಳೆದು, ಪುಟ್ಟ ಹಡಗುಗಳನ್ನಿಟ್ಟು, ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳ ಸಾಲಿನ ಮೇಲೆ ಹೇಗೆ ಬೀಳುತ್ತವೆ ಅಂತ ಅಲ್ಲಿ ಆಡಿ ನೋಡುತ್ತಿದ್ದರು. ಆಡಿಸುತ್ತಿದ್ದವರಲ್ಲಿ ಹೆಚ್ಚಿನವರು ನೌಕಾಪಡೆಯ ಮಹಿಳಾ ವಿಭಾಗದ ಎಳೆ ವಯಸ್ಸಿನ ಹುಡುಗಿಯರು, ಸಮುದ್ರದಲ್ಲಿ ಯುದ್ಧ ಮಾಡಿದವರಲ್ಲ. ಅವರ ಹತ್ತಿರ ಕಲಿಯಲು ಅಟ್ಲಾಂಟಿಕ್‌ನಲ್ಲಿ ಕಾವಲು ಹಡಗು ನಡೆಸುವ ಅಧಿಕಾರಿಗಳು ಬರುತ್ತಿದ್ದರು. ಆಟದ ಮುಂದೆ ಅನುಭವಿಯೂ ಹೊಸಬರೂ ಒಂದೇ ನೆಲದಲ್ಲಿ ಕೂತಿದ್ದರು.

ಸಮಬಲ ತರುವುದು

ಇತಿಹಾಸದ ಕಾಳಗಗಳು ಸಮಬಲದ್ದಲ್ಲ, ಹಾಗಾಗಿ ಎಷ್ಟೋ ಸಿನಾರಿಯೊಗಳು ಒಂದು ಕಡೆಗೆ ವಾಲಿರುತ್ತವೆ. ಇದಕ್ಕೆ ನನಗೆ ಅತಿ ಇಷ್ಟವಾದ ಉಪಾಯ ಜೋಡಿ ಆಟ. ಅದೇ ಸಿನಾರಿಯೊವನ್ನು ಎರಡು ಸಲ, ಪಕ್ಷ ಬದಲಿಸಿ, ಒಂದೇ ಸಮಯದಲ್ಲಿ ಆಡುವುದು. ಎರಡರ ಅಂಕ ಕೂಡಿಸಿ. ಸೋಲುವುದೇ ಗ್ಯಾರಂಟಿ ಇರುವ ಪಕ್ಷದಲ್ಲಿ ಎದುರಾಳಿಗಿಂತ ಎರಡು ಟರ್ನ್ ಜಾಸ್ತಿ ಸೇತುವೆ ಹಿಡಿದಿಟ್ಟರೆ ನೀವೇ ಗೆದ್ದಿರಿ. ಸೋಲಿನೊಳಗೆ ಗೆಲುವು ಸಿಗುವುದು ಹೀಗೆ. ಆದರೆ ಒಂದು ತೊಡಕು ಇದೆ, ಶತ್ರು ಎಲ್ಲಿ ಅಡಗಿದ್ದಾನೆ ಅಂತ ಮೊದಲೇ ಗೊತ್ತಾಗಬಾರದ ಸಿನಾರಿಯೊಗಳಿಗೆ ಇದು ಹೊಂದುವುದಿಲ್ಲ. ಅಲ್ಲಿ ಹರಾಜು ಹಾಕಿ: ಬಲವಾದ ಪಕ್ಷ ಬೇಕಾದವರು ಎಷ್ಟು ಅಂಕ ಬಿಟ್ಟುಕೊಡುತ್ತೀರಿ ಅಂತ ಇಬ್ಬರೂ ಗುಟ್ಟಾಗಿ ಬರೆದು ಕ್ಲಬ್ ನೋಡಿಕೊಳ್ಳುವ ಮಾಡರೇಟರಿಗೆ ಕಳಿಸುವುದು, ಜಾಸ್ತಿ ಬಿಟ್ಟವರಿಗೆ ಆ ಪಕ್ಷ.

ರೇಟಿಂಗ್ ಬೇಕೇ ಬೇಕು ಅಂತ ಒಂದಷ್ಟು ಸದಸ್ಯರು ಕೇಳುತ್ತಾರೆ. ಇಡಿ, ಆದರೆ ಇಷ್ಟವಿದ್ದವರಿಗೆ ಮಾತ್ರ. ಚೆಸ್‌ನಲ್ಲಿ ಬಳಸುವ ಎಲೋ ಪದ್ಧತಿಯೇ ಸಾಕು, ಸ್ಪ್ರೆಡ್‌ಶೀಟಿನಲ್ಲಿ ಆಗುವ ಲೆಕ್ಕ. ಇಬ್ಬರ ನಡುವೆ 200 ಅಂಕದ ಅಂತರ ಇದ್ದರೆ ಮೇಲಿನವರು ನಾಲ್ಕರಲ್ಲಿ ಮೂರು ಆಟ ಗೆಲ್ಲಬಹುದು ಅಂತ ಆ ಲೆಕ್ಕ ಹೇಳುತ್ತದೆ. ಒಂದು ಆಟದಲ್ಲಿ ಹೆಚ್ಚೆಂದರೆ 32 ಅಂಕ ಕೈ ಬದಲಾಗುವಂತೆ ಇಟ್ಟರೆ, 1500 ಇರುವವರು 1700 ಇರುವವರನ್ನು ಸೋಲಿಸಿದಾಗ ಸುಮಾರು 24 ಅಂಕ ಸಿಗುತ್ತದೆ, ಸೋತರೆ ಹೋಗುವುದು 8 ಅಷ್ಟೇ. ಗಟ್ಟಿಗರ ಜೊತೆ ಆಡಲು ಕೆಳಗಿನವರು ಹಿಂಜರಿಯಬೇಕಿಲ್ಲ ಅನ್ನುವುದನ್ನು ಈ ಎರಡು ಅಂಕಿಗಳನ್ನು ತೋರಿಸಿಯೇ ಹೇಳಿ. ಟೂರ್ನಿ ನಡೆಸುವಾಗ ಸೋತವರನ್ನು ಹೊರಹಾಕುವ ನಾಕೌಟ್ ಬೇಡ. ಸ್ವಿಸ್ ಪದ್ಧತಿಯಲ್ಲಿ ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಅಷ್ಟೇ ಅಂಕ ಇರುವವರ ಜೊತೆ ಜೋಡಿ ಬೀಳುತ್ತದೆ, ಎಲ್ಲರೂ ಕೊನೆವರೆಗೆ ಆಡುತ್ತಾರೆ.

ತೀರ್ಪು ಹೇಳುವವರು

1824ರಲ್ಲಿ ಪ್ರಷ್ಯದ ಅಧಿಕಾರಿ ರೈಸ್‌ವಿಟ್ಜ್ ತನ್ನ ಸೈನ್ಯಕ್ಕೆ ಮಾಡಿಕೊಟ್ಟ ಕ್ರೀಗ್ಸ್‌ಶ್ಪೀಲ್ ಅನ್ನುವ ಯುದ್ಧದ ಆಟದಲ್ಲೇ ಅಂಪೈರ್ ಇದ್ದ. ಎರಡೂ ಕಡೆಯವರು ಆಜ್ಞೆ ಬರೆದುಕೊಡುತ್ತಿದ್ದರು, ಯಾರಿಗೆ ಏನು ಕಾಣುತ್ತದೆ ಅಂತ ಅಂಪೈರ್ ಹೇಳುತ್ತಿದ್ದ. ನಿಮ್ಮ ಕ್ಲಬ್ಬಿಗೂ ಇಬ್ಬರು ಮೂವರು ತೀರ್ಪುಗಾರರು ಬೇಕು, ತಮ್ಮ ಸ್ವಂತ ಆಟದ ತಕರಾರಿಗೆ ತಾವೇ ತೀರ್ಪು ಕೊಡುವ ಹಾಗಿಲ್ಲ. ದೂರು ಬಂದರೆ ಖಾಸಗಿಯಾಗಿ ಇಬ್ಬರ ಮಾತೂ ಕೇಳಿ, ಫೈಲ್ ನೋಡಿ, ಎರಡು ದಿನದೊಳಗೆ ಹೇಳಿಬಿಡಿ. ಎಲ್ಲರ ಮುಂದೆ ವಿಚಾರಣೆ ನಡೆಸಿದರೆ ತಪ್ಪು ಯಾರದೇ ಇರಲಿ, ಒಬ್ಬರಂತೂ ಹೋಗುತ್ತಾರೆ.

ಯುದ್ಧದ ಬಗ್ಗೆ ಮಾತು

ಇದನ್ನು ಮುಂದೂಡಬೇಡಿ. ಎರಡನೇ ಮಹಾಯುದ್ಧದ ಆಟಗಳ ಸುತ್ತ ನಾಜಿಗಳನ್ನು ನಿಜವಾಗಿಯೇ ಮೆಚ್ಚುವ ಕೆಲವರು ಬಂದು ಸೇರಿಕೊಳ್ಳುತ್ತಾರೆ. ಆಟದಲ್ಲಿ ಜರ್ಮನ್ ಪಕ್ಷ ಆಡುವುದು ಬೇರೆ, ಯಾರಾದರೂ ಆಡಲೇಬೇಕು. ಹೆಸರಿನಲ್ಲಿ, ಪ್ರೊಫೈಲ್ ಚಿತ್ರದಲ್ಲಿ ಆ ಚಿಹ್ನೆಗಳನ್ನು ಹಾಕಿಕೊಂಡು ಬರುವುದು, ನರಮೇಧವನ್ನು ತಮಾಷೆ ಮಾಡುವುದು ಬೇರೆ. ಅಂಥವರಿಗೆ ಒಂದು ಎಚ್ಚರಿಕೆ, ಆಮೇಲೆ ಬಾಗಿಲು. ಅವರು ಎಷ್ಟೇ ಚೆನ್ನಾಗಿ ಆಡಲಿ, ಒಬ್ಬರನ್ನು ಉಳಿಸಿಕೊಳ್ಳಲು ಹೋದರೆ ಬಾಯಿಬಿಟ್ಟು ಹೇಳದ ಹತ್ತು ಜನರನ್ನು ಕಳೆದುಕೊಳ್ಳುತ್ತೀರಿ. ಈಗ ನಡೆಯುತ್ತಿರುವ ಯುದ್ಧಗಳ ವಾದವೂ ಆಟದ ಚಾನೆಲ್ಲಿನಲ್ಲಿ ಬೇಡ. ಸದಸ್ಯರಲ್ಲಿ ಯಾರ ಮನೆ ಆ ಮ್ಯಾಪಿನಲ್ಲಿದೆ, ಯಾರ ಅಣ್ಣ ಅಲ್ಲಿ ಸೈನಿಕ ಅಂತ ನಿಮಗೆ ತಿಳಿದಿರುವುದಿಲ್ಲ.

ಆಟ ಮುಗಿದ ಮೇಲೆ

ಫಲಿತಾಂಶ ಹಾಕಿ ಎದ್ದು ಹೋಗುವ ಕ್ಲಬ್ಬಿನಲ್ಲಿ ಸ್ನೇಹ ಬೆಳೆಯುವುದಿಲ್ಲ. ಮುಗಿದ ತಕ್ಷಣ ಇಬ್ಬರೂ ಆಟದ ಫೈಲಿನ ಪಾಸ್‌ವರ್ಡ್ ಒಬ್ಬರಿಗೊಬ್ಬರು ಹೇಳಿ, ಒಬ್ಬರ ಫೈಲನ್ನು ಇನ್ನೊಬ್ಬರು ತೆರೆದು ನೋಡಲಿ. ‘ಕಾಡಿನಲ್ಲಿ ನಿಮ್ಮ ಎರಡು ತುಕಡಿ ಇವೆ ಅಂತ ಹೆದರಿ ಆರು ಟರ್ನ್ ನಾನು ಮುಂದೆ ಬರಲೇ ಇಲ್ಲ’ ಅಂತ ಒಬ್ಬರು, ‘ಅಲ್ಲಿ ಇದ್ದದ್ದು ನಾಲ್ಕೇ ಜನ, ಗುಂಡೂ ಮುಗಿದಿತ್ತು’ ಅಂತ ಇನ್ನೊಬ್ಬರು. ಈ ಮಾತಿನಲ್ಲಿ ಸೋತವರಿಗೂ ತಾವು ಎಲ್ಲಿ ಚೆನ್ನಾಗಿ ಆಡಿದೆವು ಅಂತ ತಿಳಿಯುತ್ತದೆ. ಆಟದ ವರದಿ ಬರೆಯುವ ಅವಕಾಶವನ್ನು ಮೊದಲು ಸೋತವರಿಗೇ ಕೊಡಿ. ಗೆದ್ದವರ ವರದಿ ಎಲ್ಲ ಒಂದೇ ತರಹ ಇರುತ್ತದೆ, ಎಲ್ಲಿ ಹೇಗೆ ಕೈತಪ್ಪಿತು ಅನ್ನುವ ಕಥೆಯನ್ನೇ ಜನ ಕೂತು ಓದುವುದು.

ನಿಮ್ಮ ಕೈಯಲ್ಲೇ ಎಲ್ಲ ಇಟ್ಟುಕೊಳ್ಳಬೇಡಿ

ಜೋಡಿ ಹಾಕುವುದು, ಫಲಿತಾಂಶ ಬರೆಯುವುದು, ಹೊಸಬರನ್ನು ಮಾತಾಡಿಸುವುದು ಇವಕ್ಕೆ ಒಬ್ಬೊಬ್ಬರನ್ನು ನೇಮಿಸಿ. ಸರ್ವರಿನ ಅಡ್ಮಿನ್ ಅಧಿಕಾರ ಇನ್ನೊಬ್ಬರಿಗಾದರೂ ಇರಲಿ. ರೇಟಿಂಗ್ ಸ್ಪ್ರೆಡ್‌ಶೀಟಿನ ಪ್ರತಿಯನ್ನು ತಿಂಗಳಿಗೊಮ್ಮೆ ಇಳಿಸಿ ಬೇರೆ ಕಡೆ ಇಡಿ. ಎರಡು ಹಂತದ ಲಾಗಿನ್ ಹಾಕಿ, ಯಾಕೆಂದರೆ ಅಡ್ಮಿನ್ ಖಾತೆ ಕದ್ದು ಸರ್ವರಿನ ಚಾನೆಲ್‌ಗಳನ್ನೆಲ್ಲ ಅಳಿಸಿಹಾಕುವವರಿದ್ದಾರೆ. ಇಷ್ಟಾದರೆ ‘ಎದುರಾಳಿ ಬೇಕು’ ಚಾನೆಲ್ಲಿಗೆ ಹೋಗಿ ಮೊದಲ ಸಂದೇಶ ನೀವೇ ಹಾಕಿ, ಸಿನಾರಿಯೊ ಹೆಸರು ಬರೆಯಿರಿ, ಯಾವ ಪಕ್ಷ ಬೇಕು ಅನ್ನುವ ಆಯ್ಕೆಯನ್ನು ಬರುವವರಿಗೇ ಬಿಡಿ.