ಡಿವಿಡೆಂಡ್ ಟಿಡಿಎಸ್: 20.8ರಿಂದ 10ಕ್ಕೆ ಇಳಿಸಿದ ನನ್ನ ಅನುಭವ

"ಇಷ್ಟು ದುಡ್ಡಿಗೆ ಅಷ್ಟೊಂದು ಕಾಗದ ಯಾಕೆ ಸಾರ್, ಬಿಟ್ಟುಬಿಡಿ" ಅಂದಿದ್ದರು ಊರಿನ ನಮ್ಮ ಸಿಎ, ಭಾರತದ ಕಂಪನಿಗಳು ನನ್ನ ಡಿವಿಡೆಂಡ್‌ನಲ್ಲಿ ಮೊದಲೇ ಹಿಡಿಯುವ ತೆರಿಗೆಯನ್ನು (ಟಿಡಿಎಸ್) ಕಡಿಮೆ ಮಾಡಿಸುತ್ತೇನೆ ಅಂದಾಗ. ಇಲ್ಲಿ ಜರ್ಮನಿಯ ಕನ್ನಡದ ಗೆಳೆಯರೂ ಅದನ್ನೇ ಹೇಳಿದ್ದರು. 2023ರ ಬೇಸಿಗೆಯಲ್ಲಿ ನಾಲ್ಕು ಕಂಪನಿಗಳ ಪೈಕಿ ಮೂರು ಸರಿಯಾಗಿ 10% ಮಾತ್ರ ಹಿಡಿದವು. ಅವತ್ತಿನಿಂದ ಅದೇ ಗೆಳೆಯರು ನನಗೆ ಫೋನ್ ಮಾಡುತ್ತಿದ್ದಾರೆ.

ನನಗೆ ವರ್ಷಕ್ಕೆ ಸುಮಾರು 2.4 ಲಕ್ಷ ಡಿವಿಡೆಂಡ್ ಬರುತ್ತದೆ. ಸೆಸ್ ಸೇರಿ 20.8% ಅಂದರೆ 50 ಸಾವಿರ ಮುರಿದುಕೊಳ್ಳುತ್ತಿದ್ದರು. ಇಲ್ಲಿ ತೆರಿಗೆ ಕಟ್ಟುವಾಗ ಅಷ್ಟೂ ವಜಾ ಸಿಗುತ್ತದೆ ಅಂದುಕೊಂಡಿದ್ದೆ. ಸಿಗಲಿಲ್ಲ. ಭಾರತ-ಜರ್ಮನಿ ತೆರಿಗೆ ಒಪ್ಪಂದದ 10ನೇ ವಿಧಿ 10% ಅನ್ನುತ್ತದೆ, ಇಲ್ಲಿನವರು ಕೊಡುವ ವಜಾ ಅಷ್ಟಕ್ಕೇ. ಮಿಕ್ಕ 26 ಸಾವಿರ ಸುಮ್ನೆ ಹೋಗುತ್ತಿತ್ತು. ಹೊಟ್ಟೆ ಉರಿಯುತ್ತೆ, ಅಲ್ವಾ?

2021ರಲ್ಲಿ ಕಂಪನಿಗಳಿಗೆ ನಾನು ಜರ್ಮನಿಯ ತೆರಿಗೆ ನಿವಾಸಿ ಅನ್ನುವ ಸರ್ಟಿಫಿಕೇಟ್, ಅಂದರೆ ಹಿಂದಿನ ವರ್ಷದ ಟಿಆರ್‌ಸಿ ಕಳಿಸಿದ್ದೆ. ವಾಪಸ್ ಬಂತು. ರಿಟರ್ನ್ ಗಡುವೂ ದಾಟಿಸಿಕೊಂಡೆ, ಆ ದುಡ್ಡು ಹೋಯಿತು. 2022ರಲ್ಲಿ ಒಪ್ಪಂದದ ದರ ಕೇಳಲು ಬೇಕಾದ 10ಎಫ್ ಫಾರ್ಮ್ ಅನ್ನು ಕಾಗದದ ಮೇಲೆ ಸಹಿ ಮಾಡಿ ಇಟ್ಟುಕೊಂಡಿದ್ದೆ. ಜುಲೈ 16ರಿಂದ ಅದು ಆನ್‌ಲೈನ್ ಆಗಿಹೋಯಿತು. ತೆರಿಗೆ ಇಲಾಖೆಯ ಪೋರ್ಟಲ್‌ಗೆ ಹೋದರೆ ಓಟಿಪಿ ಬರುತ್ತಿದ್ದುದು ಯಾವಾಗಲೋ ಬಿಟ್ಟ ಹಳೇ ಸಿಮ್‌ಗೆ. ಎರಡು ದಿನದಲ್ಲಿ ಗಡುವು ತಪ್ಪಿತು. ಆದರೆ ಆ ಸಲ ಬಿಡಲಿಲ್ಲ. ಐಟಿಆರ್ 2 ರಿಟರ್ನ್‌ನ ಓಎಸ್ (ಇತರ ಆದಾಯ) ಶೆಡ್ಯೂಲ್‌ನಲ್ಲಿ ಒಪ್ಪಂದದ ಕೋಷ್ಟಕ ಇದೆಯಲ್ಲ, ಅದನ್ನು ತುಂಬಿದೆ. ನಾಲ್ಕೈದು ತಿಂಗಳಲ್ಲಿ ರಿಫಂಡ್ ಬಂತು, ಸ್ವಲ್ಪ ಬಡ್ಡಿ ಸಮೇತ.

2023ರಲ್ಲಿ ಜನವರಿಯಲ್ಲೇ ಟಿಆರ್‌ಸಿಗೆ ಬರೆದೆ. ಕೈಗೆ ಬರಲು ಆರು ವಾರ ಹಿಡಿಯಿತು. ಏಪ್ರಿಲ್‌ನಲ್ಲಿ 10ಎಫ್, ಮೇನಲ್ಲಿ ಅಪ್‌ಲೋಡ್. ಇಲ್ಲಿನ ಸರ್ಟಿಫಿಕೇಟ್ ಜನವರಿಯಿಂದ ಡಿಸೆಂಬರ್, ನಮ್ಮವರ ವರ್ಷ ಏಪ್ರಿಲ್‌ನಿಂದ ಮಾರ್ಚ್. ಈ ಎರಡನ್ನೂ ಹೊಂದಿಸಲು ಅರ್ಜಿಯಲ್ಲಿ ಒಂದು ಸಾಲು ಬರೆಯುತ್ತೇನೆ. ಮೂರು ಪತ್ರ ತಿದ್ದಿ ತಿದ್ದಿ ಕಂಡುಕೊಂಡ ಸಾಲು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಾಲ್ಕನೇ ಕಂಪನಿ ಎಲ್ಲ ಕಾಗದ ಪಡೆದೂ 20.8 ಹಿಡಿಯಿತು. ಅದಕ್ಕೂ ರಿಟರ್ನ್‌ನಲ್ಲೇ ಕ್ಲೇಮ್ ಹಾಕಿದೆ.

ಆಮ್‌ಸ್ಟರ್‌ಡ್ಯಾಮ್‌ನ ಗೆಳೆಯನ ಜೊತೆ ಕೂತು ನೆದರ್‌ಲ್ಯಾಂಡ್ಸ್ ಒಪ್ಪಂದದಲ್ಲಿ 5% ದಕ್ಕಿಸಿಕೊಳ್ಳುವ ದಾರಿಯನ್ನೂ ಹುಡುಕಿದ್ದೆ. ಪ್ರತ್ಯೇಕ ಅಧಿಸೂಚನೆ ಇಲ್ಲದೆ ಅದು ಸಿಗದು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅಲ್ಲಿಗೆ ಬಿಟ್ಟೆವು. ಅಮೆರಿಕದ ನನ್ನ ತಂಗಿಗೆ ಈ ಓಡಾಟವೇ ಬೇಡ ಅಂದೆ. ಅವಳ ಒಪ್ಪಂದದ ದರ 25%, ನಮ್ಮ ಕಾಯ್ದೆಯ ದರವೇ ಕಡಿಮೆ.